ಅಪ್ಪನ ಮರೆವಿಗೆ ನಾನು ಹುಡುಕಿದ ಮದ್ದು

ಅಪ್ಪ 32 ವರ್ಷ ಸರ್ಕಾರಿ ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದವರು. ತಿಪಟೂರಿನಿಂದ ಶಿವಮೊಗ್ಗದವರೆಗೆ ಯಾವ ಸ್ಟೇಜಿಗೆ ಎಷ್ಟು ಚಾರ್ಜು ಎಂದು ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಹೇಳುತ್ತಿದ್ದರು. ಅಂಥ ಅಪ್ಪ ನಿವೃತ್ತರಾದ ಮರುವರ್ಷ ಹಾಲಿನ ಅಂಗಡಿಯಲ್ಲಿ ನೂರರ ನೋಟು ಕೊಟ್ಟು, ವಾಪಸ್ ಬಂದ ಚಿಲ್ಲರೆಯನ್ನು ಅಂಗೈಯಲ್ಲಿ ಹಿಡಿದು ಸುಮ್ಮನೆ ನಿಂತುಬಿಟ್ಟರು. ಎಣಿಸಲು ಆಗಲಿಲ್ಲ. ಜೊತೆಗಿದ್ದ ನನಗೆ ಏನು ಮಾಡಬೇಕೆಂದು ತೋಚಲಿಲ್ಲ. ಮನೆಗೆ ಬಂದು ಹೇಳಿದರೆ, ‘ವಯಸ್ಸಾಗ್ತಾ ಬಂತಲ್ಲ, ಬಿಡಪ್ಪಾ’ ಎಂದಳು ಅಮ್ಮ. ಅಪ್ಪನಿಗೆ ಆಗ 61.

ಆರು ತಿಂಗಳಲ್ಲಿ ಪರಿಸ್ಥಿತಿ ಬದಲಾಯಿತು. ಒಂದೇ ಪ್ರಶ್ನೆಯನ್ನು ಹತ್ತು ಸಲ ಕೇಳುವುದು, ಊಟ ಮಾಡಿದ್ದನ್ನು ಮರೆತು ಮತ್ತೆ ತಟ್ಟೆ ಹಿಡಿಯುವುದು, ಅಕ್ಕನ ಹೆಸರಿಗೆ ತಡಕಾಡುವುದು ಶುರುವಾಯಿತು. ಬೆಂಗಳೂರಿಗೆ ಕರೆದೊಯ್ದೆವು. ಡಾಕ್ಟರು ಮೊದಲು ರಕ್ತ ಪರೀಕ್ಷೆ ಬರೆದುಕೊಟ್ಟರು. ವಿಟಮಿನ್ ಬಿ12 ಕೊರತೆ, ಥೈರಾಯ್ಡ್ ತೊಂದರೆಯಿಂದಲೂ ಮರೆವು ಬರಬಹುದಂತೆ, ಅದಾದರೆ ಚಿಕಿತ್ಸೆಯಿಂದ ಸರಿಹೋಗುವ ಸಾಧ್ಯತೆ ಇದೆಯಂತೆ. ನಮ್ಮ ದುರದೃಷ್ಟಕ್ಕೆ ಅವೆರಡೂ ಸರಿಯಾಗಿಯೇ ಇದ್ದವು. ಸ್ಕ್ಯಾನಿಂಗ್ ಆದ ಮೇಲೆ ಅಲ್ಝೈಮರ್ಸ್ ಎಂದರು. ‘ಇದು ಪೂರ್ತಿ ವಾಸಿಯಾಗೋ ಕಾಯಿಲೆ ಅಲ್ಲ. ಮಾತ್ರೆಯಿಂದ ಸ್ವಲ್ಪ ಕಾಲ ಅನುಕೂಲ ಆಗಬಹುದು’ ಎಂಬ ಮಾತನ್ನು ಕೇಳಿಸಿಕೊಂಡು ಹೊರಗೆ ಬಂದೆವು. ತಿಪಟೂರು ತಲುಪುವವರೆಗೆ ನಮ್ಮಲ್ಲಿ ಯಾರೂ ಮಾತಾಡಲಿಲ್ಲ.

‘ವಾಸಿಯಾಗಲ್ಲ’ ಅನ್ನುವ ಮಾತನ್ನು ಒಪ್ಪಿಕೊಳ್ಳಲು ನಮ್ಮ ಮನೆಯಲ್ಲಿ ಯಾರೂ ತಯಾರಿರಲಿಲ್ಲ. ಬಾವ ಕೇರಳದ ಎಣ್ಣೆ ಚಿಕಿತ್ಸೆಯ ವಿಳಾಸ ತಂದರು. ಅತ್ತೆ ಹರಕೆ ಹೊತ್ತು ತಾಯತ ಕಟ್ಟಿಸಿದರು. ದೊಡ್ಡಪ್ಪ ನಾಟಿ ವೈದ್ಯರೊಬ್ಬರ ಬಳಿ ಕರೆದೊಯ್ದರು. ಅವರು ಕಪ್ಪು ಪುಡಿಯ ಪೊಟ್ಟಣಗಳನ್ನು ಕೊಟ್ಟು, ‘48 ದಿನ ಉಪ್ಪು, ಹುಳಿ, ಖಾರ ಮುಟ್ಟಬಾರದು. ಇಂಗ್ಲಿಷ್ ಮಾತ್ರೆ ಎಲ್ಲಾ ನಿಲ್ಲಿಸಿ’ ಎಂದರು. ಪುಡಿಯಲ್ಲಿ ಏನಿದೆ ಎಂದು ನಾವು ಕೇಳಲಿಲ್ಲ, ಅವರೂ ಹೇಳಲಿಲ್ಲ.

ಇವರನ್ನೆಲ್ಲ ನೋಡಿ ಮನಸ್ಸಿನಲ್ಲೇ ನಗುತ್ತಿದ್ದ ನಾನು ಮಾಡಿದ್ದೇನು? ಬಿಇ ಓದುವವನು, ಪ್ರೋಗ್ರಾಮಿನಲ್ಲಿ ಎರರ್ ಬಂದರೆ ಎಲ್ಲೋ ಒಂದು ಕಡೆ ಅದಕ್ಕೆ ಪರಿಹಾರ ಇದ್ದೇ ಇರುತ್ತದೆ ಎಂದು ನಂಬಿದವನು. ಹಾಸ್ಟೆಲಿನಲ್ಲಿ ರಾತ್ರಿಯೆಲ್ಲ ಮೊಬೈಲಿನಲ್ಲಿ ಹುಡುಕಿ, ನೆನಪಿನ ಶಕ್ತಿ ಹೆಚ್ಚಿಸುತ್ತದೆಂಬ ಗಿಂಕ್ಗೊ ಕ್ಯಾಪ್ಸೂಲ್ ತರಿಸಿದೆ. ಮೆಸ್ ಬಿಲ್ಲಿಗೆಂದು ಇಟ್ಟಿದ್ದ ದುಡ್ಡು ಅದಕ್ಕೆ ಹೋಯಿತು. ಪಥ್ಯ ಕೆಡುತ್ತದೆಂದು ದೊಡ್ಡಪ್ಪ ಬೈಯುತ್ತಾರೆ ಎಂಬ ಭಯಕ್ಕೆ ಯಾರಿಗೂ ಹೇಳಲಿಲ್ಲ. ‘ವಿಟಮಿನ್ ಮಾತ್ರೆ’ ಎಂದು ಅಪ್ಪನಿಗೆ ಕೊಡತೊಡಗಿದೆ. ನಾನು ಊರಲ್ಲಿಲ್ಲದ ದಿನ ಅಕ್ಕ ಕೊಡುತ್ತಿದ್ದಳು. ಅತ್ತ ಅಮ್ಮ ಅಪ್ಪನ ಹೃದಯದ ಮಾತ್ರೆಯನ್ನು ಮಾತ್ರ ನಿಲ್ಲಿಸದೆ, ಯಾರಿಗೂ ಕಾಣದಂತೆ ಬಾಳೆಹಣ್ಣಿನಲ್ಲಿಟ್ಟು ತಿನ್ನಿಸುತ್ತಿದ್ದಳು. ಯಾರು ಏನು ಕೊಡುತ್ತಿದ್ದಾರೆ ಎಂಬುದು ಮನೆಯಲ್ಲಿ ಯಾರಿಗೂ ಪೂರ್ತಿ ಗೊತ್ತಿರಲಿಲ್ಲ.

ಉಪ್ಪೆಸರು-ಮುದ್ದೆ ಎಂದರೆ ಪ್ರಾಣ ಬಿಡುತ್ತಿದ್ದ ಅಪ್ಪ ಸಪ್ಪೆ ಗಂಜಿ ನೋಡಿದರೆ ಮುಖ ತಿರುಗಿಸುತ್ತಿದ್ದರು. ತೂಕ ಇಳಿಯಿತು. ರಾತ್ರಿ ನಿದ್ದೆ ಇಲ್ಲದೆ ಮನೆಯೊಳಗೆ ಓಡಾಡತೊಡಗಿದರು. ಮೂರನೇ ವಾರ, ನಾನು ರಜೆಗೆ ಬಂದಿದ್ದಾಗ, ಬೆಳಗಿನ ಜಾವ ಎದ್ದು ನೋಡಿದರೆ ಹಾಸಿಗೆ ಖಾಲಿ, ಬಾಗಿಲು ತೆರೆದಿತ್ತು. ಹುಡುಕದ ಬೀದಿಯಿಲ್ಲ. ಕೊನೆಗೆ ಬಸ್ ಸ್ಟ್ಯಾಂಡಿನಿಂದ ಅವರ ಹಳೆಯ ಡ್ರೈವರ್ ಒಬ್ಬರು ಫೋನ್ ಮಾಡಿದರು. ಓಡಿದೆ. ಬರಿಗಾಲಿನಲ್ಲಿ, ಬನಿಯನ್ನಿನಲ್ಲಿ, ನಿಂತ ಬಸ್ಸಿನ ಬಾಗಿಲು ಹಿಡಿದು ಅಪ್ಪ ಕೂಗುತ್ತಿದ್ದರು: ‘ಅರಸೀಕೆರೆ, ಬಾಣಾವರ, ಕಡೂರು, ಬೀರೂರು, ತರೀಕೆರೆ...’ ಒಂದು ಸ್ಟಾಪೂ ತಪ್ಪಿರಲಿಲ್ಲ. ‘ಅಪ್ಪಾ, ಮನೆಗೆ ಹೋಗೋಣ’ ಎಂದೆ. ನನ್ನನ್ನು ಅಡಿಯಿಂದ ಮುಡಿವರೆಗೆ ನೋಡಿ, ‘ಎಲ್ಲಿಗಪ್ಪಾ, ಟಿಕೆಟ್?’ ಎಂದರು.

ಅದೇ ವಾರ ಪೊಟ್ಟಣ, ಕ್ಯಾಪ್ಸೂಲ್, ಎಣ್ಣೆ ಬಾಟಲಿ ಎಲ್ಲವನ್ನೂ ಒಂದು ಚೀಲದಲ್ಲಿ ತುಂಬಿಕೊಂಡು ಮತ್ತೆ ಡಾಕ್ಟರ ಬಳಿ ಹೋದೆವು. ಬೈಗುಳಕ್ಕೆ ಸಿದ್ಧನಾಗಿಯೇ ಹೋಗಿದ್ದೆ. ಅವರು ಬೈಯಲಿಲ್ಲ. ಒಂದೊಂದನ್ನೇ ಎತ್ತಿ ನೋಡಿದರು. ನನ್ನ ಕ್ಯಾಪ್ಸೂಲ್ ಕೈಗೆ ಬಂದಾಗ ಮಾತ್ರ ಗಂಭೀರರಾದರು. ಅಪ್ಪನ ಹೃದಯದ ಮಾತ್ರೆ ರಕ್ತ ಹೆಪ್ಪುಗಟ್ಟದಂತೆ ತಡೆಯುವಂಥದ್ದು. ಅದರ ಜೊತೆ ಗಿಂಕ್ಗೊ ಸೇರಿದರೆ ರಕ್ತಸ್ರಾವದ ಅಪಾಯ ಹೆಚ್ಚಬಹುದು ಎಂದರು. ‘ಬೇರೆ ದಾರಿ ಹುಡುಕಿದ್ದು ತಪ್ಪಲ್ಲ. ನನಗೆ ಹೇಳದೇ ಇದ್ದದ್ದು ತಪ್ಪು.’ ನಾಟಿ ವೈದ್ಯರ ಬಗ್ಗೆ ನಕ್ಕಿದ್ದ ನನಗೆ ತಲೆ ಎತ್ತಲಾಗಲಿಲ್ಲ.

ಆಮೇಲೆ ಓದಿದೆ. ಅಮೆರಿಕದಲ್ಲಿ 75 ದಾಟಿದ ಮೂರು ಸಾವಿರಕ್ಕೂ ಹೆಚ್ಚು ಜನರಿಗೆ ವರ್ಷಗಟ್ಟಲೆ ಗಿಂಕ್ಗೊ ಅಥವಾ ಅದರಂತೆಯೇ ಕಾಣುವ ಖಾಲಿ ಮಾತ್ರೆ ಕೊಟ್ಟು ನೋಡಿದ್ದಾರೆ. 2008ರಲ್ಲಿ ಫಲಿತಾಂಶ ಬಂತು. ಡಿಮೆನ್ಷಿಯಾ ತಡೆಯುವುದರಲ್ಲಿ ಎರಡಕ್ಕೂ ವ್ಯತ್ಯಾಸ ಕಾಣಲಿಲ್ಲ. ಕೊಳ್ಳುವ ಮೊದಲು ಹತ್ತು ನಿಮಿಷ ಹುಡುಕಿದ್ದರೆ ನನಗೂ ಇದು ಸಿಗುತ್ತಿತ್ತು. ಆದರೆ ನಾನು ಹುಡುಕಿದ್ದು ‘ಕೆಲಸ ಮಾಡುತ್ತದೆ’ ಎಂಬ ಉತ್ತರವನ್ನು ಮಾತ್ರ.

ಈಗ ಎಲ್ಲವನ್ನೂ ಬಿಟ್ಟಿದ್ದೇವೆ ಎಂದೇನಿಲ್ಲ. ಭಾನುವಾರ ಬಾವ ತಲೆಗೆ ಎಣ್ಣೆ ತಿಕ್ಕುತ್ತಾರೆ. ರೋಗ ಹೋಗುತ್ತದೆಂದಲ್ಲ, ಅಪ್ಪ ಕಣ್ಣು ಮುಚ್ಚಿ ಹಾಯಾಗಿ ಕೂರುತ್ತಾರೆಂದು. ಒಂದೆಲಗದ ಚಟ್ನಿ ಮುದ್ದೆಯ ಪಕ್ಕಕ್ಕೆ ಬರುತ್ತದೆ, ಉಪ್ಪು ಹಾಕಿಯೇ. ಅತ್ತೆ ಕಟ್ಟಿದ ತಾಯತ ಕೈಯಲ್ಲೇ ಇದೆ. ಡಾಕ್ಟರ ಮಾತ್ರೆ ಹೊತ್ತಿಗೆ ಸರಿಯಾಗಿ ನಡೆಯುತ್ತಿದೆ. ಅಪ್ಪನಿಗೆ ಏನೇ ಕೊಟ್ಟರೂ ಗೋಡೆಯ ಕ್ಯಾಲೆಂಡರಿನಲ್ಲಿ ಬರೆಯಬೇಕು ಎಂಬುದು ಮನೆಯ ನಿಯಮ. ಬಾಗಿಲಿಗೆ ಮೇಲುಗಡೆ ಚಿಲಕ ಹಾಕಿಸಿದ್ದೇವೆ. ಅಪ್ಪನ ಜೇಬಿನಲ್ಲಿ ಫೋನ್ ನಂಬರಿನ ಚೀಟಿ ಇರುತ್ತದೆ. ವಾರಕ್ಕೊಂದು ದಿನ ಅಕ್ಕ ಬಂದು ನೋಡಿಕೊಳ್ಳುತ್ತಾಳೆ, ಆ ದಿನ ಅಮ್ಮನಿಗೆ ರಜೆ. ಅಮ್ಮನೂ ಸೊರಗಿದ್ದಾಳೆ ಎಂಬುದು ನಮ್ಮ ಕಣ್ಣಿಗೆ ಬಿದ್ದದ್ದೇ ತಡವಾಗಿ.

ದೇಶದಲ್ಲಿ 60 ದಾಟಿದವರ ಪೈಕಿ ಸುಮಾರು 88 ಲಕ್ಷ ಮಂದಿಗೆ ಡಿಮೆನ್ಷಿಯಾ ಇದೆ ಎಂಬ ಅಂದಾಜಿದೆ. ನಿಮ್ಮ ಮನೆಯಲ್ಲೂ ಅಜ್ಜನೋ ಅಮ್ಮನೋ ಹೀಗೆ ಮರೆಯತೊಡಗಿದರೆ ಮೊದಲು ರಕ್ತ ಪರೀಕ್ಷೆ ಮಾಡಿಸಿ. ಯಾರೇ ಮದ್ದು ಕೊಟ್ಟರೂ ಅದರಲ್ಲಿ ಏನಿದೆ ಎಂದು ಕೇಳಿ. ಈಗಿನ ಮಾತ್ರೆ ನಿಲ್ಲಿಸಿ ಎಂದರೆ ಎದ್ದು ಬನ್ನಿ. ಮನೆಯವರಿಗೆ ಕಷ್ಟ ಹೇಳಿಕೊಳ್ಳಬೇಕೆನಿಸಿದರೆ ಟೆಲಿ ಮಾನಸ್ ಸಹಾಯವಾಣಿ 14416 ಇದೆ, ಉಚಿತ.

ಅಪ್ಪ ನನ್ನನ್ನು ಗುರುತಿಸದ ದಿನ ಮೊದಲೆಲ್ಲ, ‘ಅಪ್ಪಾ, ನಾನು ನಿನ್ನ ಮಗ’ ಎಂದು ಜಗಳಕ್ಕೇ ನಿಲ್ಲುತ್ತಿದ್ದೆ. ಅವರು ಗಾಬರಿಯಾಗುತ್ತಿದ್ದರು. ಕಳೆದ ಶನಿವಾರ ಊರಿಗೆ ಹೋದಾಗಲೂ ‘ಎಲ್ಲಿಗಪ್ಪಾ?’ ಎಂದರು. ‘ಶಿವಮೊಗ್ಗ, ಒಂದು’ ಎಂದೆ. ಪಕ್ಕದಲ್ಲಿದ್ದ ಕ್ಯಾಲೆಂಡರಿನ ಹಳೆಯ ಹಾಳೆಯಿಂದ ಒಂದು ಚೂರು ಹರಿದು ಕೈಗಿಟ್ಟು, ‘ಹಿಂದೆ ಸೀಟ್ ಖಾಲಿ ಐತೆ, ಕೂತ್ಕೊ ಹೋಗು’ ಎಂದರು. ನಾನು ಅವರ ಪಕ್ಕದಲ್ಲೇ ಕೂತೆ. ಬೇಡ ಅನ್ನಲಿಲ್ಲ.