ತೋಳಿನ ಮೇಲಿನ ಎರಡು ಪದ

2007ರ ಏಪ್ರಿಲ್ 16ರಂದು ಅಮೆರಿಕದ ವರ್ಜೀನಿಯಾ ಟೆಕ್ ವಿಶ್ವವಿದ್ಯಾಲಯದಲ್ಲಿ, ಅಲ್ಲಿನ ವಿದ್ಯಾರ್ಥಿಯೇ ಆಗಿದ್ದ ಸಂಗ್ ಹುಯ್ ಚೋ 32 ಮಂದಿಯನ್ನು ಕೊಂದು ತಾನೂ ಗುಂಡು ಹಾರಿಸಿಕೊಂಡು ಸತ್ತ. ಕೊಂದವನು ಶಾಂಘೈನಿಂದ ಬಂದ ಚೀನೀ ಯುವಕ ಎಂಬ ಸುದ್ದಿ ಮೊದಲು ಹಬ್ಬಿತು. ಅದು ಸುಳ್ಳೆಂದು ಗೊತ್ತಾದ ಮೇಲೆ ಊಹೆಗೆ ಬೇರೊಂದು ಎಳೆ ಸಿಕ್ಕಿತು. ಅವನ ತೋಳಿನ ಮೇಲೆ ಕೆಂಪು ಶಾಯಿಯಲ್ಲಿ ‘ಇಸ್ಮಾಯಿಲ್ ಆಕ್ಸ್’ ಎಂದು ಬರೆದಿತ್ತು. ಇಸ್ಮಾಯಿಲ್ ಪ್ರವಾದಿ ಇಬ್ರಾಹಿಮರ ಮಗ, ಇಬ್ರಾಹಿಮರು ವಿಗ್ರಹಗಳನ್ನು ಒಡೆದ ಕಥೆಯಲ್ಲಿ ಕೊಡಲಿ ಬರುತ್ತದೆ, ಹಾಗಾದರೆ ಇದು ಜಿಹಾದ್ ಎಂದು ಕೆಲವರು ತೀರ್ಪನ್ನೇ ಕೊಟ್ಟುಬಿಟ್ಟರು.

ಆದರೆ ಇಸ್ಮಾಯಿಲ್ ಬೈಬಲ್ಲಿನಲ್ಲೂ ಇದ್ದಾನೆ, ಮನೆಯಿಂದ ಹೊರದಬ್ಬಿಸಿಕೊಂಡ ಮಗನಾಗಿ. ಮೆಲ್ವಿಲ್‌ನ ‘ಮೊಬಿ ಡಿಕ್’ ಕಾದಂಬರಿಯ ನಿರೂಪಕನ ಹೆಸರೂ ಅದೇ. ಚೋ ಓದುತ್ತಿದ್ದದ್ದು ಇಂಗ್ಲಿಷ್ ಸಾಹಿತ್ಯವನ್ನು. ಆ ದಿನ ಕ್ಯಾಂಪಸ್ಸಿನಲ್ಲಿ ನಡೆಸಿದ ಎರಡು ದಾಳಿಗಳ ನಡುವೆ ಅವನು ಎನ್‌ಬಿಸಿ ಟಿವಿಗೆ ಅಂಚೆಯಲ್ಲಿ ಕಳಿಸಿದ ವಿಡಿಯೊ, ಬರಹಗಳಲ್ಲಿ ಶ್ರೀಮಂತರನ್ನು ಬೈದಿದ್ದ, ಕೊಲಂಬೈನ್ ಶಾಲೆಯ ಕೊಲೆಗಾರರನ್ನು ಹುತಾತ್ಮರೆಂದಿದ್ದ, ತನ್ನನ್ನು ಯೇಸುವಿಗೆ ಹೋಲಿಸಿಕೊಂಡಿದ್ದ. ಅವನ ಹೆತ್ತವರು ದಕ್ಷಿಣ ಕೊರಿಯಾದಿಂದ ವಲಸೆ ಬಂದ ಕ್ರೈಸ್ತರು. ಇಷ್ಟನ್ನು ಹಿಡಿದು ಯಾರಾದರೂ ಇದನ್ನು ಕ್ರೈಸ್ತ ಭಯೋತ್ಪಾದನೆ ಎಂದಿದ್ದರೆ ನಾವು ನಕ್ಕುಬಿಡುತ್ತಿದ್ದೆವು. ನಿಜ ಹೇಳಬೇಕೆಂದರೆ ಆ ವಾದಕ್ಕೆ ಸಿಗುತ್ತಿದ್ದ ಸಾಮಗ್ರಿಯೇ ಹೆಚ್ಚು. ಸತ್ತವರಲ್ಲಿ ಈಜಿಪ್ಟಿನ ಒಬ್ಬ ಮುಸ್ಲಿಂ ವಿದ್ಯಾರ್ಥಿ ಇದ್ದ, ನಾಜಿಗಳ ಯಹೂದಿ ನರಮೇಧದಿಂದ ಪಾರಾಗಿ ಬಂದಿದ್ದ ಪ್ರಾಧ್ಯಾಪಕ ಲಿವಿಯು ಲಿಬ್ರೆಸ್ಕು ಇದ್ದರು, ಭಾರತದಿಂದ ಹೋದವರೂ ಇದ್ದರು. ಮತ ನೋಡಿ ಗುಂಡು ಹಾರಿದ್ದಲ್ಲ.

ಧರ್ಮದ ಹೆಸರಿನಲ್ಲಿ ಕ್ಯಾಂಪಸ್ಸುಗಳ ಮೇಲೆ ದಾಳಿ ನಡೆದೇ ಇಲ್ಲವೇ, ಸೌಜನ್ಯದ ನೆಪದಲ್ಲಿ ಅದನ್ನು ಮುಚ್ಚಿಡಬೇಕೇ ಎಂದು ಕೇಳುವವರಿದ್ದಾರೆ. ನ್ಯಾಯವಾದ ಪ್ರಶ್ನೆ. 2015ರ ಏಪ್ರಿಲ್ 2ರಂದು ಕೆನ್ಯಾದ ಗರಿಸ್ಸಾ ವಿಶ್ವವಿದ್ಯಾಲಯ ಕಾಲೇಜಿಗೆ ನುಗ್ಗಿದ ಇಸ್ಲಾಮಿ ಉಗ್ರ ಸಂಘಟನೆ ಅಲ್-ಶಬಾಬ್‌ನ ಬಂದೂಕುಧಾರಿಗಳು ಮುಸ್ಲಿಮರನ್ನು ಬೇರ್ಪಡಿಸಿ ಕ್ರೈಸ್ತರನ್ನು ಕೊಂದರು. 148 ಮಂದಿ ಸತ್ತರು. ಅಲ್ಲಿ ಧರ್ಮದ ಮಾತೆತ್ತದೆ ವರದಿ ಬರೆದಿದ್ದರೆ ಅದೇ ಸುಳ್ಳಾಗುತ್ತಿತ್ತು. ಆದರೆ ಅಲ್ಲಿ ಯಾರೂ ಒಗಟು ಬಿಡಿಸುತ್ತ ಕೂರಬೇಕಾಗಿರಲಿಲ್ಲ. ಸಂಘಟನೆ ತಾನೇ ಹೊಣೆ ಹೊತ್ತಿತು, ಯಾರನ್ನು ಕೊಲ್ಲಬೇಕೆಂಬ ಆಯ್ಕೆ ಮತದ ಮೇಲೆಯೇ ನಡೆಯಿತು, ಬದುಕುಳಿದವರು ಅದನ್ನೇ ಹೇಳಿದರು. ಮೂರೂ ಒಂದೇ ಕಡೆ ಬೊಟ್ಟು ಮಾಡಿದವು. ಅದೇ ವರ್ಷ ಅಕ್ಟೋಬರ್‌ನಲ್ಲಿ ಅಮೆರಿಕದ ಒರೆಗಾನ್ ರಾಜ್ಯದ ಅಂಪ್ಕ್ವಾ ಕಾಲೇಜಿನಲ್ಲಿ ಒಂಬತ್ತು ಜನರನ್ನು ಕೊಂದವನ ಪ್ರಕರಣ ಇಷ್ಟು ಸರಳವಲ್ಲ. ಅವನು ಕೆಲವರ ಮತ ಕೇಳಿದ್ದನೆಂದು ಬದುಕುಳಿದವರು ಹೇಳಿದರು. ಅವನೇ ಬಿಟ್ಟುಹೋದ ಬರಹದಲ್ಲಾದರೋ ಒಂಟಿತನದ ಕಹಿಯೇ ತುಂಬಿತ್ತು. ಅವನು ಮತ ಕೇಳಿದ್ದನ್ನು ಕಡೆಗಣಿಸುವುದು ತಪ್ಪು, ಅದೊಂದರಿಂದಲೇ ಇಡೀ ಕೃತ್ಯವನ್ನು ವಿವರಿಸಹೊರಡುವುದೂ ತಪ್ಪು.

ಊಹಿಸುವುದರಿಂದ ನಷ್ಟವೇನು, ತನಿಖೆ ತನ್ನ ಪಾಡಿಗೆ ನಡೆಯುತ್ತದಲ್ಲ ಎನ್ನಬಹುದು. ನಡೆಯುತ್ತದೆ, ಆದರೆ ಜನರ ಗಮನ ಬೇರೆಲ್ಲೋ ಇರುತ್ತದೆ. ಧರ್ಮವೇ ಕಾರಣ ಎಂದುಕೊಂಡವರು ಮುಂದೆ ಏನನ್ನೂ ಕೇಳುವುದಿಲ್ಲ, ದೋಷವೆಲ್ಲ ಹೊರಗಿನವರದಾಗುತ್ತದೆ. ವರ್ಜೀನಿಯಾದಲ್ಲಿ ಕೇಳಬೇಕಿದ್ದ ಪ್ರಶ್ನೆಗಳು ನೀರಸವಾಗಿದ್ದವು, ಕಚೇರಿಯ ಕಡತಗಳಲ್ಲಿದ್ದವು. ಚೋ ಬಾಲ್ಯದಿಂದಲೇ ಮಾತು ಕಡಿಮೆಯಾದ, ಚಿಕಿತ್ಸೆ ಪಡೆದಿದ್ದ ಹುಡುಗ. 2005ರಲ್ಲಿ ಅವನ ಬರಹ, ನಡವಳಿಕೆಗಳಿಂದ ಕಳವಳಗೊಂಡ ಕವಯಿತ್ರಿ ನಿಕ್ಕಿ ಜಿಯೊವಾನಿ ಅವನನ್ನು ತಮ್ಮ ತರಗತಿಯಿಂದ ಹೊರಗಿಡಿಸಿದ್ದರು. ಅದೇ ಡಿಸೆಂಬರ್‌ನಲ್ಲಿ ನ್ಯಾಯಾಧಿಕಾರಿಯೊಬ್ಬರು ಅವನಿಂದ ಅವನಿಗೇ ಅಪಾಯವಿದೆ ಎಂದು ತೀರ್ಮಾನಿಸಿ, ಆಸ್ಪತ್ರೆಗೆ ಸೇರಿಸದೆ ಹೊರರೋಗಿಯಾಗಿ ಚಿಕಿತ್ಸೆ ಪಡೆಯುವಂತೆ ಆದೇಶಿಸಿದರು. ಅಂಥ ಆದೇಶವಾದವನು ಬಂದೂಕು ಕೊಳ್ಳುವಂತಿಲ್ಲ ಎಂಬುದು ಕೇಂದ್ರದ ಕಾನೂನು. ಆದರೆ ರಾಜ್ಯ ವರದಿ ಮಾಡುತ್ತಿದ್ದದ್ದು ಒತ್ತಾಯದಿಂದ ಆಸ್ಪತ್ರೆಗೆ ಸೇರಿಸಿದವರ ಹೆಸರನ್ನು ಮಾತ್ರ. ಹಾಗಾಗಿ ಅಂಗಡಿಯವರು ಹಿನ್ನೆಲೆ ತಪಾಸಣೆ ಮಾಡಿದಾಗ ಅವನ ಹೆಸರಿನ ಮುಂದೆ ಏನೂ ಕಾಣಲಿಲ್ಲ. 2007ರ ಆರಂಭದಲ್ಲಿ ಅವನು ಎರಡು ಪಿಸ್ತೂಲು ಕೊಂಡ.

ಹತ್ಯಾಕಾಂಡ ನಡೆದ ಎರಡು ವಾರಕ್ಕೆ, ಏಪ್ರಿಲ್ 30ರಂದು, ಗವರ್ನರ್ ಟಿಮ್ ಕೇನ್ ಆದೇಶ ಹೊರಡಿಸಿ ಹೊರರೋಗಿ ಚಿಕಿತ್ಸೆಗೆ ಕಳಿಸಲ್ಪಟ್ಟವರ ಹೆಸರನ್ನೂ ಬಂದೂಕು ಕೊಳ್ಳಬಾರದವರ ಪಟ್ಟಿಗೆ ಸೇರಿಸಬೇಕೆಂದರು. ಇಂಥ ದಾಖಲೆಗಳನ್ನು ಕೇಂದ್ರಕ್ಕೆ ಕಳಿಸುವಂತೆ ರಾಜ್ಯಗಳನ್ನು ಉತ್ತೇಜಿಸುವ ಕಾಯ್ದೆಗೆ ಮರುವರ್ಷದ ಜನವರಿಯಲ್ಲಿ ಅಧ್ಯಕ್ಷ ಬುಷ್ ಸಹಿ ಹಾಕಿದರು.