ದೇಶದ ಭದ್ರತೆ ಮತ್ತು ನಮ್ಮ ಫೋನು



ಪೆಗಾಸಸ್ ಎಂಬ ಹೆಸರು ಕೇಳಿದ್ದೀರಾ? ಗ್ರೀಕರ ಕಥೆಗಳಲ್ಲಿ ಅದು ರೆಕ್ಕೆ ಇರುವ ಕುದುರೆ. ಆದರೆ ನಾನು ಹೇಳಹೊರಟಿರುವುದು ಕುದುರೆಯ ವಿಷಯ ಅಲ್ಲ. ಫೋನಿನೊಳಗೆ ನುಗ್ಗುವ ಒಂದು ಗೂಢಚಾರ ತಂತ್ರಾಂಶಕ್ಕೂ ಇದೇ ಹೆಸರು. ಇಸ್ರೇಲ್ ದೇಶದ ಎನ್‌ಎಸ್‌ಒ ಎಂಬ ಕಂಪನಿ ಇದನ್ನು ತಯಾರಿಸಿತು. ಸರ್ಕಾರಗಳಿಗೆ ಮಾತ್ರ ಮಾರುತ್ತೇವೆ ಅಂತ ಆ ಕಂಪನಿಯವರು ಹೇಳಿದ್ದಾರೆ. 2019ರಲ್ಲಿ ಇದು ವಾಟ್ಸಾಪ್ ಕರೆಯ ಮೂಲಕವೇ ನುಗ್ಗಿತ್ತು, ಕರೆ ಎತ್ತದಿದ್ದರೂ ಸರಿ! ಒಳಗೆ ಬಂದ ಮೇಲೆ ಸಂದೇಶ ಓದುತ್ತದೆ, ಫೋಟೋ ನೋಡುತ್ತದೆ, ನಮಗೆ ಗೊತ್ತಾಗದ ಹಾಗೆ ಮೈಕು, ಕ್ಯಾಮೆರಾ ಚಾಲೂ ಮಾಡುತ್ತದೆ. ಕದ್ದು ಕೇಳುವವನನ್ನು ಜೇಬಿನಲ್ಲೇ ಇಟ್ಟುಕೊಂಡು ತಿರುಗಿದ ಹಾಗೆ.

ನಮ್ಮ ದೇಶದ ಪತ್ರಕರ್ತರು, ರಾಜಕಾರಣಿಗಳು ಮುಂತಾದವರ ಫೋನುಗಳ ಮೇಲೂ ಇದನ್ನು ಬಿಟ್ಟಿರಬಹುದು ಎಂದು 2021ರ ಜುಲೈನಲ್ಲಿ ಪತ್ರಿಕೆಗಳು ಬರೆದವು. ಕೆಲವರು ಸುಪ್ರೀಂ ಕೋರ್ಟಿಗೆ ಹೋದರು. ಕೇಂದ್ರ ಸರ್ಕಾರ ಆರೋಪಗಳನ್ನು ಅಲ್ಲಗಳೆಯಿತು. ಆದರೆ ಪೆಗಾಸಸ್ ಬಳಸಿದ್ದೀರೋ ಇಲ್ಲವೋ ಎಂದು ಕೇಳಿದರೆ, ಅದನ್ನೆಲ್ಲ ಬಹಿರಂಗವಾಗಿ ಹೇಳಿದರೆ ದೇಶದ ಭದ್ರತೆಗೆ ತೊಂದರೆ ಎಂದಿತು.

ಈ ಮಾತಿನಲ್ಲೂ ಅರ್ಥ ಇದೆ. ಭಯೋತ್ಪಾದಕರ ಫೋನನ್ನು ಹೇಗೆ ಕೇಳುತ್ತೇವೆ ಅಂತ ಡಂಗುರ ಸಾರಿದರೆ ಅವರು ಹುಷಾರಾಗ್ತಾರಲ್ಲ! ಆದರೆ 2021ರ ಅಕ್ಟೋಬರ್ 27ರಂದು ಮುಖ್ಯ ನ್ಯಾಯಮೂರ್ತಿ ಎನ್. ವಿ. ರಮಣ ಅವರಿದ್ದ ಮೂವರ ಪೀಠ ಇದನ್ನು ಪೂರ್ತಿ ಒಪ್ಪಲಿಲ್ಲ. ದೇಶದ ಭದ್ರತೆ ಎಂದು ಹೇಳಿದ ಮಾತ್ರಕ್ಕೆ ಕೋರ್ಟು ಸುಮ್ಮನೆ ನೋಡುತ್ತಾ ಕೂರುವುದಿಲ್ಲ, ಯಾಕೆ ಹೇಳಲಾಗದು ಎಂಬುದನ್ನಾದರೂ ಸರ್ಕಾರ ತೋರಿಸಬೇಕು ಎಂಬುದು ಆ ತೀರ್ಪಿನ ಸಾರ.

ಈ ಜಗಳ ಹೊಸದೇನಲ್ಲ. ನಮ್ಮ ರಾಜ್ಯದಲ್ಲೇ 1988ರಲ್ಲಿ ಟೆಲಿಫೋನ್ ಕದ್ದಾಲಿಕೆಯ ಆರೋಪ ಬಂದು ಮುಖ್ಯಮಂತ್ರಿ ರಾಮಕೃಷ್ಣ ಹೆಗಡೆಯವರು ರಾಜೀನಾಮೆ ಕೊಟ್ಟರು. ಆಗ ಇದ್ದದ್ದು ಬ್ರಿಟಿಷರು 1885ರಲ್ಲಿ ಮಾಡಿದ ಟೆಲಿಗ್ರಾಫ್ ಕಾಯ್ದೆ. ಫೋನು ಕೇಳಬೇಕಾದರೆ ಗೃಹ ಕಾರ್ಯದರ್ಶಿಯ ಆದೇಶ ಬೇಕು, ಆ ಆದೇಶವನ್ನು ಒಂದು ಸಮಿತಿ ಪರಿಶೀಲಿಸಬೇಕು ಎಂದು 1996ರಲ್ಲಿ ಸುಪ್ರೀಂ ಕೋರ್ಟು ಹೇಳಿತು. ಕಂಪ್ಯೂಟರ್, ಮೊಬೈಲ್‌ಗಳಲ್ಲಿರುವ ಮಾಹಿತಿಗೆ 2000ದ ಮಾಹಿತಿ ತಂತ್ರಜ್ಞಾನ ಕಾಯ್ದೆಯ 69ನೇ ಕಲಂ ಇದೆ. ಅದರಡಿ 2018ರಲ್ಲಿ ಕೇಂದ್ರವು 10 ಸಂಸ್ಥೆಗಳಿಗೆ ಅಧಿಕಾರ ಕೊಟ್ಟಿತು.

ನಮ್ಮ ತಾತ ಅಂತಾರೆ, "ನಾವೇನು ಕಳ್ಳತನ ಮಾಡಿದೀವಾ? ಯಾರು ಕೇಳಿದ್ರೇನು?" ಆದರೆ ಅವರ ಪಾಸ್‌ಬುಕ್ ಮುಟ್ಟಿದರೆ ಬೈತಾರೆ! ತಪ್ಪು ಮಾಡದವರಿಗೂ ತಮ್ಮದು ಅಂತ ಒಂದಿಷ್ಟು ಇರುತ್ತದೆ. ಇದನ್ನೇ ಖಾಸಗಿತನ ಎನ್ನುವುದು. ಇದು ಸಂವಿಧಾನವೇ ಕೊಟ್ಟ ಹಕ್ಕು ಎಂದು 2017ರ ಆಗಸ್ಟ್ 24ರಂದು 9 ನ್ಯಾಯಮೂರ್ತಿಗಳು ಒಮ್ಮತದಿಂದ ಹೇಳಿದರು. ಆ ಮೊಕದ್ದಮೆ ಹಾಕಿದವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿ. ಆಧಾರ್ ವಿಷಯವಾಗಿ 2012ರಲ್ಲಿ ಕೋರ್ಟಿಗೆ ಹೋದಾಗ ಅವರ ವಯಸ್ಸು 86! 2024ರಲ್ಲಿ ತೀರಿಕೊಂಡರು. ಸರ್ಕಾರ ಈ ಹಕ್ಕಿಗೆ ಕೈ ಹಾಕಬೇಕಾದರೆ ಕಾನೂನು ಇರಬೇಕು, ಸರಿಯಾದ ಕಾರಣ ಇರಬೇಕು, ಬೇಕಾದಷ್ಟೇ ಇರಬೇಕು. ಇಲಿ ಹಿಡಿಯೋಕೆ ಮನೆಗೆ ಬೆಂಕಿ ಹಚ್ಚಬಾರದು ಅಂತಾರಲ್ಲ, ಹಾಗೆ.

ಪೆಗಾಸಸ್ ಕಥೆ ಏನಾಯಿತು? ನಿವೃತ್ತ ನ್ಯಾಯಮೂರ್ತಿ ಆರ್. ವಿ. ರವೀಂದ್ರನ್ ಅವರ ಮೇಲುಸ್ತುವಾರಿಯಲ್ಲಿ ತಜ್ಞರು 29 ಫೋನುಗಳನ್ನು ಪರೀಕ್ಷಿಸಿದರು. 5 ಫೋನುಗಳಲ್ಲಿ ಏನೋ ಕೆಟ್ಟ ತಂತ್ರಾಂಶ ಸಿಕ್ಕಿತು, ಅದು ಪೆಗಾಸಸ್ಸೇ ಎಂದು ಹೇಳಲಾಗಲಿಲ್ಲ. ಸರ್ಕಾರ ಸಹಕರಿಸಲಿಲ್ಲ ಎಂದು ಸಮಿತಿ ತಿಳಿಸಿದ್ದನ್ನು 2022ರ ಆಗಸ್ಟ್‌ನಲ್ಲಿ ಮುಖ್ಯ ನ್ಯಾಯಮೂರ್ತಿಗಳೇ ಕೋರ್ಟಿನಲ್ಲಿ ಹೇಳಿದರು. 2025ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟು, ದೇಶದ ಬಳಿ ಇಂಥ ತಂತ್ರಾಂಶ ಇರುವುದು ತಪ್ಪಲ್ಲ, ಯಾರ ಮೇಲೆ ಬಳಸಿದರು ಎಂಬುದೇ ಪ್ರಶ್ನೆ ಎಂದಿತು. ವರದಿಯಲ್ಲಿ ದೇಶದ ಭದ್ರತೆಗೆ ಸೇರಿದ ಭಾಗವನ್ನು ಬೀದಿಯಲ್ಲಿ ಚರ್ಚೆಗೆ ಇಡಲಾಗದು ಎಂದೂ ಹೇಳಿತು.

ಅದು ಸರಿ ಇರಬಹುದು. ಆದರೂ ಆ 5 ಫೋನುಗಳೊಳಗೆ ಹೊಕ್ಕಿದ್ದು ಏನು, ಕಳಿಸಿದವರು ಯಾರು ಅಂತ ನನಗೆ ತಿಳಿಯಬೇಕು ಅನ್ನಿಸುತ್ತದೆ.