ವರ್ಷಕ್ಕೊಂದು ವಾರದ ಮನೆ

ಕಳೆದ ವರ್ಷದ ಬೇಸಗೆ ರಜೆಯಲ್ಲಿ ಹಿರಿಯ ಮಗನ ಮನೆಗೆಂದು ಮೈಸೂರಿಗೆ ಹೋಗಿದ್ದಾಗ, ದೊಡ್ಡ ಅಂಗಡಿಯೊಂದರ ಬಾಗಿಲಲ್ಲಿ ನಿಂತಿದ್ದ ತರುಣನೊಬ್ಬನು ನಮ್ಮ ಹೆಸರನ್ನೂ ದೂರವಾಣಿ ಸಂಖ್ಯೆಯನ್ನೂ ಚೀಟಿಯಲ್ಲಿ ಬರೆಯಿಸಿಕೊಂಡನು. ಮೂರನೆಯ ದಿನ ಕರೆ ಬಂದಿತು. ನಮಗೆ ಬಹುಮಾನ ಬಂದಿರುವುದಾಗಿಯೂ, ಅದನ್ನು ಪಡೆಯಲು ದಂಪತಿಗಳಿಬ್ಬರೂ ಸಂಜೆ ಹೋಟೆಲಿಗೆ ಬರಬೇಕೆಂದೂ ತಿಳಿಸಿದರು. ಒಬ್ಬರೇ ಬಂದರೆ ಬಹುಮಾನವಿಲ್ಲವಂತೆ! ಈ ನಿಯಮದ ಅರ್ಥ ನಮಗೆ ಆಮೇಲೆ ಹೊಳೆಯಿತು. 'ಮನೆಯಲ್ಲಿ ಕೇಳಿ ಹೇಳುತ್ತೇನೆ' ಎಂಬ ಮಾತಿಗೆ ಅಲ್ಲಿ ಎಡೆಯಿರಬಾರದಲ್ಲವೇ?

ಉಪಾಹಾರವಾದ ಮೇಲೆ ಮೂರು ಗಂಟೆಗಳ ಕಾಲ ಉದಕಮಂಡಲದ ಚಿತ್ರಗಳನ್ನು ತೋರಿಸಿದರು. ವರ್ಷಕ್ಕೆ ಏಳು ರಾತ್ರಿಯಂತೆ ಇಪ್ಪತ್ತೈದು ವರ್ಷ ಅಲ್ಲಿಯ ವಿಹಾರಗೃಹದಲ್ಲಿ ತಂಗಬಹುದು. ಒಂದು ಸಲ ಹಣ ಕಟ್ಟಿದರೆ ಸಾಕು ಎಂದರು. "ಸಾರ್, ನಿಮ್ಮ ತಾಯಿಯವರಿಗೆ ಎಷ್ಟು ವಯಸ್ಸು? ಮೊಮ್ಮಕ್ಕಳ ಜೊತೆ ಅವರು ಕೊನೆಯ ಸಲ ಯಾವಾಗ ಇದ್ದರು?" ಎಂದು ಆ ಹುಡುಗನು ಕೇಳಿದಾಗ ನಾವು ನಿರುತ್ತರರಾದೆವು. ನಮ್ಮ ಮಕ್ಕಳು ಮೂವರು ಮೂರು ಊರಿನಲ್ಲಿದ್ದಾರೆ. ಎಲ್ಲರೂ ಒಂದೇ ಸೂರಿನಡಿ ಉಂಡು ನಾಲ್ಕು ವರ್ಷಗಳಾಗಿದ್ದುವು. ಲೇಖನಿ ಕೈಯಲ್ಲಿತ್ತು. ಈ ರಾತ್ರಿ ಸಹಿ ಹಾಕಿದರೆ ಮಾತ್ರ ರಿಯಾಯಿತಿ ಎಂದಾಗ ನಮ್ಮ ಮನೆಯವರು ಬಾಯಿ ತೆರೆದರು: "ರೀ, ಒಂದು ಜೊತೆ ಎತ್ತು ಕೊಳ್ಳುವವನೂ ಒಂದು ರಾತ್ರಿ ಮಲಗೆದ್ದು ದುಡ್ಡು ಕೊಡುತ್ತಾನೆ." ಹೀಗೆ ಬಹುಮಾನದ ಕೂಪನ್ ಒಂದನ್ನೇ ಹಿಡಿದು ತಾಳವಾಡಿಯ ಕಡೆಯ ನಮ್ಮ ಹಳ್ಳಿಗೆ ಮರಳಿದೆವು.

ಈ ಟೈಮ್‌ಶೇರ್ ಪದ್ಧತಿ ಹೊಸತೇನಲ್ಲ. 1960ರ ದಶಕದಲ್ಲಿ ಯುರೋಪಿನಲ್ಲಿ ತಲೆಯೆತ್ತಿ, ಅಮೆರಿಕದಲ್ಲಿ ಬೆಳೆದು, 1980ರ ದಶಕದಲ್ಲಿ ನಮ್ಮ ದೇಶಕ್ಕೆ ಬಂದಿತು. ಒಂದು ಊರಿನ ವಾರವನ್ನು ಇನ್ನೊಂದು ಊರಿನ ವಾರಕ್ಕೆ ಬದಲಾಯಿಸಿಕೊಡುವ ಆರ್.ಸಿ.ಐ. ಸಂಸ್ಥೆಯು 1974ರಲ್ಲಿ ಅಮೆರಿಕದಲ್ಲಿ ಸ್ಥಾಪಿತವಾಯಿತು. ಸದಸ್ಯರು ಅರಿಯಬೇಕಾದುದಿಷ್ಟು: ನಮ್ಮಲ್ಲಿ ಸಾಮಾನ್ಯವಾಗಿ ಮಾರಾಟವಾಗುವುದು ಮನೆಯೂ ಅಲ್ಲ, ಗೇಣು ನೆಲವೂ ಅಲ್ಲ. ಕೋಣೆ ಖಾಲಿಯಿದ್ದರೆ ಕೊಡಿರೆಂದು ಕೇಳುವ ಹಕ್ಕು ಅಷ್ಟೆ.

ಕೂಪನ್ನಿನ ಹಿಂಬದಿಯ ಸಣ್ಣ ಅಕ್ಷರಗಳನ್ನು ಓದಿದಾಗ ಇದು ಇನ್ನೂ ಸ್ಪಷ್ಟವಾಯಿತು. ಏಪ್ರಿಲ್, ಮೇ, ದಸರಾ, ದೀಪಾವಳಿ, ಕ್ರಿಸ್ಮಸ್ ಯಾವುದಕ್ಕೂ ಅದು ಸಲ್ಲದು. ಕಡೆಗೆ ಜುಲೈ ತಿಂಗಳಲ್ಲಿ ಮೂರು ದಿನ ರಜೆ ಹಾಕಿ, ಚಾಮರಾಜನಗರ, ಗುಂಡ್ಲುಪೇಟೆಗಳ ಮೇಲೆ ಹೊರಟು, ಬಂಡೀಪುರದ ಕಾಡು ದಾಟಿ, ಮಳೆಯಲ್ಲಿಯೇ ಉದಕಮಂಡಲ ಸೇರಿದೆವು.

ಊರೇನೋ ನೋಡತಕ್ಕದ್ದೇ. ಕೊಯಮತ್ತೂರಿನ ಕಲೆಕ್ಟರಾಗಿದ್ದ ಜಾನ್ ಸಲಿವನ್ 1820ರ ದಶಕದಲ್ಲಿ ಕಟ್ಟಿಸಿದ ಕಲ್ಲುಮನೆಯಿಂದ ಬೆಳೆದ ಪಟ್ಟಣವಿದು. ಮುಂದೆ ಮದರಾಸು ಸರ್ಕಾರದ ಬೇಸಗೆಯ ರಾಜಧಾನಿಯಾಯಿತು. ಸಸ್ಯೋದ್ಯಾನ 1848ರದು. ಮೆಟ್ಟುಪಾಳಯದಿಂದ 46 ಕಿಲೋಮೀಟರ್ ಹತ್ತಿ ಬರುವ ಹಲ್ಲುಹಳಿಯ ರೈಲು 1908ರಲ್ಲಿ ಇಲ್ಲಿಗೆ ತಲಪಿತು. 2005ರಲ್ಲಿ ಅದಕ್ಕೆ ವಿಶ್ವಪರಂಪರೆಯ ಮನ್ನಣೆ ದೊರಕಿತು. ಆದರೆ ನಮ್ಮ ವಿಹಾರಗೃಹವಿದ್ದದ್ದು ಇವೆಲ್ಲಕ್ಕೂ ದೂರದಲ್ಲಿ, ಚಹಾ ತೋಟದ ಇಳಿಜಾರಿನಲ್ಲಿ. ಪೇಟೆಗೆ ಬರಲು ಪ್ರತಿ ಸಲವೂ ಟ್ಯಾಕ್ಸಿ. ಕೋಣೆಯಿಂದ ಊಟದ ಮನೆಗೆ ಅರುವತ್ತೆರಡು ಮೆಟ್ಟಿಲುಗಳು. ನಾವೇ ಎಣಿಸಿದೆವು. ಅಮ್ಮನನ್ನು ನೆನೆದು ನಮ್ಮ ಮನೆಯವರು ನಿಟ್ಟುಸಿರುಬಿಟ್ಟರು. ಅವರು ಮೊದಲು ವಿಚಾರಿಸಿದ್ದು ಒಲೆಯನ್ನು. ಚಿಕ್ಕ ಕೋಣೆಗಳಲ್ಲಿ ನೀರು ಕಾಯಿಸಬಹುದೇ ಹೊರತು ಮುದ್ದೆ ತೊಳಸುವಂತಿಲ್ಲ. ಊಟದ ದರವೋ ಪೇಟೆಯ ಎರಡರಷ್ಟು.

ಅಲ್ಲಿಯ ತೋಟದ ಮಾಲಿ ಬಡಗರ ಹಿರಿಯ. ಅವರ ಬಡಗ ಮಾತು, ನಮ್ಮ ಕನ್ನಡ. ಹೇಗೋ ಒಂದಕ್ಕೊಂದು ಹೊಂದಿಕೊಂಡವು. ಮೇ ತಿಂಗಳಲ್ಲಿ ಕೋಣೆ ಸಿಗದೆ ಕಚೇರಿಯ ಮುಂದೆ ಜಗಳವಾಡುವ ಸದಸ್ಯರನ್ನು ವರ್ಷವರ್ಷವೂ ನೋಡುತ್ತಿರುವುದಾಗಿ ಅವರು ನಕ್ಕು ಹೇಳಿದರು. ಅಲ್ಲಿಯೇ ಕೊಯಮತ್ತೂರಿನ ನಿವೃತ್ತ ದಂಪತಿಗಳೂ ಇದ್ದರು. ಅವರಿಗೆ ಈ ಸದಸ್ಯತ್ವ ಒಪ್ಪಿದೆ. ಮಳೆಗಾಲದಲ್ಲಿ, ಜನವರಿಯ ಚಳಿಯಲ್ಲಿ, ಯಾರೂ ಬಾರದಾಗ ಬರುತ್ತಾರೆ; ತಿಂಗಳುಗಳ ಮೊದಲೇ ಕಾದಿರಿಸುತ್ತಾರೆ. ನ್ಯಾಯವಾಗಿ ಇದನ್ನೂ ಹೇಳಬೇಕು.

ಆದರೆ ನಾವು ಶಾಲೆಯವರು. ನಮಗೆ ರಜೆಯಿರುವ ವಾರವೇ ಇಂಥ ಊರುಗಳಲ್ಲಿ ಅತಿ ದುಬಾರಿಯ ವಾರ. ಈ ಸಂಸ್ಥೆಗಳು ವರ್ಷವನ್ನು ಋತುಗಳಾಗಿ ವಿಂಗಡಿಸಿ, ಬಣ್ಣದ ಹೆಸರಿಟ್ಟು ಮಾರುತ್ತವೆ. ಅಗ್ಗದ ಬಣ್ಣ ಕೊಂಡವನಿಗೆ ಬೇಸಗೆಯ ಬಾಗಿಲು ತೆರೆಯುವುದು ಕಷ್ಟ. ಮಕ್ಕಳಿಗೆ ಪರೀಕ್ಷೆಯಿರುವಾಗ ಸಿಗುವ ಕೋಣೆಯಿಂದ ಕುಟುಂಬವೆಲ್ಲ ಕೂಡುವುದೆಂತು?

ಊರಿಗೆ ಬಂದು ಲೆಕ್ಕ ಹಾಕಿದೆವು. ಸದಸ್ಯತ್ವಕ್ಕೆ ನಾಲ್ಕು ಲಕ್ಷ ರೂಪಾಯಿ ಎಂದಿಟ್ಟುಕೊಳ್ಳಿರಿ. ಇಪ್ಪತ್ತೈದು ವರ್ಷಕ್ಕೆ 175 ರಾತ್ರಿ. ರಾತ್ರಿಗೆ 2,286 ರೂಪಾಯಿ. ಅವರು ತೋರಿಸಿದ ಲೆಕ್ಕ ಈ ಬಗೆಯದು. ಅದೇ ಹಣವನ್ನು ಶೇಕಡಾ 7ರಂತೆ ಬ್ಯಾಂಕಿನಲ್ಲಿಟ್ಟರೆ ವರ್ಷಕ್ಕೆ 28,000 ಬಡ್ಡಿ, ಅಸಲು ನಮ್ಮದೇ. ಜೊತೆಗೆ ಹೋದರೂ ಹೋಗದಿದ್ದರೂ ಕಟ್ಟಬೇಕಾದ ವಾರ್ಷಿಕ ಶುಲ್ಕ 20,000 ಎನ್ನೋಣ. ಒಟ್ಟು 48,000ವನ್ನು ಏಳರಿಂದ ಭಾಗಿಸಿದರೆ ರಾತ್ರಿಗೆ 6,857 ರೂಪಾಯಿ, ಊಟ ಬೇರೆ. ಶುಲ್ಕವು ವರ್ಷಕ್ಕೆ ಶೇಕಡಾ 6ರಂತೆ ಏರಿದರೂ ಹನ್ನೆರಡು ವರ್ಷಗಳಲ್ಲಿ ಇಮ್ಮಡಿಯಾಗುತ್ತದೆ. ಏಳನೆಯ ತರಗತಿಯ ಮಕ್ಕಳಿಗೆ ಮಾಡಿಸುವ ಲೆಕ್ಕವಿದು. ಆ ಸಂಜೆ ನಮ್ಮ ತಲೆಗೇ ಹೊಳೆದಿರಲಿಲ್ಲ.

ಗಡಿಯಾಚೆಯ ನಮ್ಮಂಥವರು ಗಮನಿಸಬೇಕಾದುದು ಇನ್ನೊಂದುಂಟು. ಮಾತೆಲ್ಲ ಸವಿಗನ್ನಡದಲ್ಲಿ, ಕರಾರು ಮಾತ್ರ ಇಂಗ್ಲಿಷಿನಲ್ಲಿ. 'ಮೇ ತಿಂಗಳಲ್ಲಿ ಖಂಡಿತ ಕೋಣೆ' ಎಂದು ಬಾಯಲ್ಲಿ ಹೇಳಿದ್ದನ್ನು ಕಾಗದದಲ್ಲಿ ಬರೆದು ಕೊಡಿರೆಂದು ಕೇಳಬೇಕು. ವ್ಯಾಜ್ಯವೆದ್ದರೆ ಇಂಥ ಮಹಾನಗರದ ನ್ಯಾಯಾಲಯದಲ್ಲಿಯೇ ಎಂಬ ಷರತ್ತೂ ಕರಾರಿನಲ್ಲಿರಬಹುದು. ಅದನ್ನು ಕಂಡು ಎದೆಗೆಡಬೇಕಾಗಿಲ್ಲ. 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯಂತೆ, ದೂರುದಾರನು ತಾನು ವಾಸಿಸುವ ಜಿಲ್ಲೆಯ ಆಯೋಗದಲ್ಲಿಯೇ ದೂರು ಕೊಡಬಹುದು. ಮೈಸೂರಿನಲ್ಲಿ ಸಹಿ ಹಾಕಿದ್ದರೂ ನಾವು ದಿಂಬಂ ಘಟ್ಟ ಇಳಿದು ಈರೋಡಿಗೆ ಹೋದರಾಯಿತು; ಕಾಸರಗೋಡಿನವರು ಕಾಸರಗೋಡಿನಲ್ಲಿ, ಸೊಲ್ಲಾಪುರದವರು ಸೊಲ್ಲಾಪುರದಲ್ಲಿ. 1915 ಎಂಬ ಸಂಖ್ಯೆಗೆ ಕರೆಮಾಡಿ ಸಲಹೆಯನ್ನೂ ಕೇಳಬಹುದು.

ನಾವು ಸಹಿ ಹಾಕಲಿಲ್ಲ. ಅಕ್ಟೋಬರಿನ ರಜೆಗೆ ಉದಕಮಂಡಲದ ರೈಲು ನಿಲ್ದಾಣದ ಸಮೀಪದಲ್ಲಿಯೇ, ಮೆಟ್ಟಿಲುಗಳಿಲ್ಲದ ನೆಲಮಹಡಿಯಲ್ಲಿ ಮೂರು ಕೋಣೆ ಹಿಡಿದೆವು. ಕಿರಿಯ ಮಗನಿಗೆ ಕಡೆಯ ಗಳಿಗೆಯಲ್ಲಿ ರಜೆ ದೊರೆಯಲಿಲ್ಲ. ಒಂದು ಕೋಣೆಯನ್ನು ಬಿಟ್ಟುಕೊಟ್ಟೆವು, ಮುಂಗಡ ಹಿಂದೆ ಬಂದಿತು. ಉಳಿದವರೆಲ್ಲ ಕೂನೂರಿನವರೆಗೆ ರೈಲಿನಲ್ಲಿ ಹೋಗಿಬಂದೆವು. ಅಮ್ಮ ಕಿಟಕಿಯ ಬದಿಯಲ್ಲಿ ಕಂಬಳಿ ಹೊದ್ದು ಕುಳಿತು, ಸುರಂಗ ಬಂದಾಗಲೆಲ್ಲ ಮೊಮ್ಮಗಳ ಕೈ ಹಿಡಿದುಕೊಳ್ಳುತ್ತಿದ್ದರು.